ಗುಂಪಿಗೆ ಮುಖ ಬಂದ ಬಗೆ

ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿರುವ ಒಂದು ದೊಡ್ಡ ಚಿತ್ರದಲ್ಲಿ, ನೆಲದ ಮೇಲೆ ಒಂದು ಲಾಂದ್ರ ಇದೆ. ಪೆಟ್ಟಿಗೆಯ ಆಕಾರದ ಸಾದಾ ಲಾಂದ್ರ. ಇಡೀ ಚಿತ್ರಕ್ಕೆ ಬೆಳಕು ಅದರದೇ. ಬಲಕ್ಕೆ ಬಂದೂಕಿನ ಗುರಿಯಿಟ್ಟ ಸೈನಿಕರ ಸಾಲು, ಎಡಕ್ಕೆ ಸಾಯಲು ನಿಂತ ಜನ. ಸೈನಿಕರ ಬೆನ್ನು ಮಾತ್ರ ನಮಗೆ ಕಾಣುತ್ತದೆ. ತಲೆ ತಗ್ಗಿಸಿ ನಿಂತ ಅವರಲ್ಲಿ ಒಬ್ಬನಿಗೂ ಮುಖವಿಲ್ಲ. ಮುಖವಿರುವುದು ಎದುರಿನವರಿಗೆ. ಬಿಳಿ ಅಂಗಿಯವನೊಬ್ಬ ಎರಡೂ ತೋಳು ಚಾಚಿ ಮಂಡಿಯೂರಿದ್ದಾನೆ, ಅವನ ಕಣ್ಣುಗಳು ಅಗಲವಾಗಿ ತೆರೆದಿವೆ. ಪಕ್ಕದಲ್ಲಿ ನೆತ್ತಿ ಬೋಳಿಸಿದ ಸನ್ಯಾಸಿಯೊಬ್ಬ ಕೈಜೋಡಿಸಿ ಬಾಗಿದ್ದಾನೆ. ಇನ್ನೊಬ್ಬ ನೋಡಲಾಗದೆ ಮುಖ ಮುಚ್ಚಿಕೊಂಡಿದ್ದಾನೆ. ಮುಂದೆ ರಕ್ತದಲ್ಲಿ ಬಿದ್ದವರು, ಹಿಂದೆ ತಮ್ಮ ಸರದಿಗಾಗಿ ಬರುತ್ತಿರುವವರು.

1808ರ ಮೇ 2ರಂದು ಮ್ಯಾಡ್ರಿಡ್‌ನ ಜನ ನೆಪೋಲಿಯನ್ನನ ಸೈನ್ಯದ ಮೇಲೆ ಕೈಗೆ ಸಿಕ್ಕಿದ್ದನ್ನು ಹಿಡಿದು ಮುಗಿಬಿದ್ದಿದ್ದರು. ಸಿಕ್ಕಿಬಿದ್ದವರಲ್ಲಿ ಹಲವರನ್ನು ಮರುದಿನ ಬೆಳಕು ಹರಿಯುವ ಮೊದಲೇ ಪ್ರಿನ್ಸಿಪೆ ಪಿಯೊ ಗುಡ್ಡದ ಬಳಿ ಗುಂಡಿಟ್ಟು ಕೊಂದರು. ಆರು ವರ್ಷದ ಮೇಲೆ, 1814ರಲ್ಲಿ, ಫ್ರಾನ್ಸಿಸ್ಕೊ ಗೋಯಾ ಆ ಗಳಿಗೆಯನ್ನು ಚಿತ್ರಿಸಿದರು. ಆಗ ಅವರಿಗೆ 68 ವರ್ಷ. ಕಿವಿ ಕೇಳಿಸದೆ 20 ವರ್ಷದ ಮೇಲಾಗಿತ್ತು. ಸೈನಿಕರಿಗೆ ಆ ಲಾಂದ್ರ ಬೇಕಾದದ್ದು ಗುರಿ ತಪ್ಪದಿರಲೆಂದು. ಗೋಯಾ ಅದೇ ಬೆಳಕಿನಲ್ಲಿ ಸಾಯುವವನ ಮುಖವನ್ನು ನಮಗೆ ತೋರಿಸಿದರು.

ಬಂಡೆದ್ದ ಜನರ ಚಿತ್ರ ಎಲ್ಲಿ ಕಂಡರೂ ನಾನು ಮೊದಲು ಕೇಳಿಕೊಳ್ಳುವುದು ಎರಡು ಪ್ರಶ್ನೆ. ಇದರಲ್ಲಿ ಮುಖ ಕೊಟ್ಟಿರುವುದು ಯಾರಿಗೆ? ಚಿತ್ರ ಬರೆದವರು ಎಲ್ಲಿ ನಿಂತಿದ್ದಾರೆ? ಗುಂಪು ಎಂಬುದು ದೂರದಿಂದ ನೋಡಿದವರಿಗೆ ಮಾತ್ರ ಗುಂಪು. ಒಳಗಿರುವವರಿಗೆ ಅದು ಅಣ್ಣ, ನೆರೆಮನೆಯವಳು, ಮಗ್ಗದ ಜೊತೆಗಾರ. ಹೀಗೆ ಹೊರಗಿನಿಂದ ಒಳಕ್ಕೆ ಬರಲು ಕಲೆಗೆ ಶತಮಾನಗಳೇ ಬೇಕಾದವು.

ಅರಸರ ಹಾಳೆಗಳಲ್ಲಿ

1381ರಲ್ಲಿ ಇಂಗ್ಲೆಂಡಿನ ರೈತರು ತಲೆಗಂದಾಯದ ವಿರುದ್ಧ ಎದ್ದು ಲಂಡನ್ನಿಗೆ ನುಗ್ಗಿದರು. ಅವರ ಮುಂದಾಳು ವಾಟ್ ಟೈಲರನನ್ನು 14 ವರ್ಷದ ದೊರೆ ಎರಡನೆಯ ರಿಚರ್ಡನ ಎದುರಲ್ಲೇ ಕಡಿದರು. ಸುಮಾರು 100 ವರ್ಷ ಕಳೆದ ಮೇಲೆ, ಫ್ರುವಾಸಾರ್ ಬರೆದ ವೃತ್ತಾಂತದ ಬೆಲೆಬಾಳುವ ಹಸ್ತಪ್ರತಿಯೊಂದರಲ್ಲಿ ಆ ದೃಶ್ಯ ಬಣ್ಣ ತುಂಬಿಕೊಂಡು ಬಂತು. ಒಂದೇ ಚಿತ್ರದಲ್ಲಿ ದೊರೆ ಎರಡು ಸಲ ಇದ್ದಾನೆ. ಒಂದೆಡೆ ಟೈಲರ್ ಸಾಯುವುದನ್ನು ನೋಡುತ್ತಾನೆ, ಇನ್ನೊಂದೆಡೆ ಜನರನ್ನು ಉದ್ದೇಶಿಸಿ ಮಾತಾಡುತ್ತಾನೆ. ಜನರೋ ಕವಚ, ಶಿರಸ್ತ್ರಾಣ ತೊಟ್ಟು ಒತ್ತೊತ್ತಾಗಿ ನಿಂತಿದ್ದಾರೆ. ಹೊಲ ಬಿಟ್ಟು ಬಂದವರೆಂಬ ಗುರುತು ಒಂದೂ ಇಲ್ಲ. ಹಸ್ತಪ್ರತಿಗೆ ಹಣ ಕೊಟ್ಟ ಶ್ರೀಮಂತರು ಉಳುವವನನ್ನು ಹತ್ತಿರದಿಂದ ಕಂಡವರಲ್ಲ. ಅವರಿಗೆ ಬೇಕಾದದ್ದು ದೊರೆಯ ಧೈರ್ಯದ ಕಥೆ.

1524-25ರಲ್ಲಿ ಜರ್ಮನ್ ನಾಡುಗಳ ರೈತರು ಎದ್ದರು. ಜೀತ ಹೋಗಬೇಕು, ಕಾಡಿನ ಸೌದೆ, ಹೊಳೆಯ ಮೀನು ಎಲ್ಲರಿಗೂ ಸಿಗಬೇಕು, ತಮ್ಮ ಪಾದ್ರಿಯನ್ನು ತಾವೇ ಆರಿಸಬೇಕು ಎಂದು 12 ಬೇಡಿಕೆಗಳನ್ನು ಅಚ್ಚು ಹಾಕಿಸಿ ಹಂಚಿದರು. ಅರಸರ ಸೈನ್ಯ ಅವರನ್ನು ಒಂದೊಂದೇ ಕಡೆ ಸುತ್ತುವರಿದು ಕೊಂದಿತು. ಸತ್ತವರು 1,00,000ದವರೆಗೂ ಇದ್ದಿರಬಹುದೆಂದು ಇತಿಹಾಸಕಾರರ ಅಂದಾಜು. ಅದೇ 1525ರಲ್ಲಿ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ ಅಳತೆಯ ಶಾಸ್ತ್ರದ ಮೇಲೆ ಒಂದು ಪುಸ್ತಕ ಹೊರತಂದರು. ಅದರಲ್ಲಿ ಬಂಡೆದ್ದ ರೈತರನ್ನು ಗೆದ್ದದ್ದಕ್ಕಾಗಿ ಒಂದು ವಿಜಯಸ್ತಂಭ ಹೇಗಿರಬೇಕು ಎಂಬ ನಕ್ಷೆಯಿದೆ. ಬುಡದಲ್ಲಿ ಕಟ್ಟಿಹಾಕಿದ ದನ, ಕುರಿ. ಅದರ ಮೇಲೆ ಕಾಳಿನ ಪೆಟ್ಟಿಗೆ, ಬೆಣ್ಣೆಯ ಮರಿಗೆ, ಹಾಲಿನ ಪಾತ್ರೆ, ಹೊಲದ ಸಲಕರಣೆ, ಕೋಳಿಯ ಬುಟ್ಟಿ. ತುತ್ತತುದಿಯಲ್ಲಿ ಕೆನ್ನೆಗೆ ಕೈಕೊಟ್ಟು ಕೂತ ಒಬ್ಬ ರೈತ. ಅವನ ಬೆನ್ನಿನಲ್ಲಿ ಕತ್ತಿ ನೆಟ್ಟಿದೆ. ಡ್ಯೂರರ್ ಗೆದ್ದವರನ್ನು ಹೊಗಳಿದರೋ ಸತ್ತವರಿಗಾಗಿ ಮರುಗಿದರೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಬೆನ್ನಿಗೆ ಇರಿದ ಕತ್ತಿಯನ್ನು ಗೆಲುವಿನ ಗುರುತೆಂದು ನನಗಂತೂ ಓದಲಾಗುವುದಿಲ್ಲ.

ಪ್ಯಾರಿಸ್ಸಿನ ಬೀದಿ, ನಗರದ ಕೂಟ

1830ರ ಜುಲೈ 27ರಿಂದ 29ರವರೆಗೆ ಪ್ಯಾರಿಸ್ಸಿನ ಬೀದಿಗಳಲ್ಲಿ ಕಲ್ಲು, ಮರ, ಗಾಡಿಗಳನ್ನು ಒಟ್ಟಿ ಜನ ಅಡ್ಡಗೋಡೆ ಕಟ್ಟಿದರು. ಪತ್ರಿಕೆಗಳ ಬಾಯಿ ಮುಚ್ಚಿಸಿ, ಶಾಸನಸಭೆಯನ್ನು ವಿಸರ್ಜಿಸಿದ್ದ ದೊರೆ ಹತ್ತನೆಯ ಚಾರ್ಲ್ಸ್ ಮೂರೇ ದಿನಕ್ಕೆ ಗದ್ದುಗೆ ಕಳೆದುಕೊಂಡ. ಕಾದಾಟಕ್ಕೆ ಇಳಿಯದ ಯೂಜೀನ್ ದೆಲಕ್ರವಾ, ನಾಡಿಗಾಗಿ ಹೋರಾಡದಿದ್ದರೂ ಅದಕ್ಕಾಗಿ ಚಿತ್ರವನ್ನಾದರೂ ಬರೆಯುತ್ತೇನೆ ಎಂಬ ಅರ್ಥದಲ್ಲಿ ಅಣ್ಣನಿಗೆ ಕಾಗದ ಬರೆದರು. ಹಾಗೆ ಹುಟ್ಟಿದ್ದು, ಬಾವುಟ ಎತ್ತಿದ ಸ್ವಾತಂತ್ರ್ಯದೇವಿ ಹೆಣಗಳನ್ನು ದಾಟಿ ಜನರನ್ನು ಮುನ್ನಡೆಸುವ ಚಿತ್ರ. ದೇವಿ ಕಲ್ಪನೆಯವಳು. ಅವಳ ಜೊತೆಗಾರರು ಬೀದಿಯವರು: ಎತ್ತರದ ಟೋಪಿಯವನು, ಕತ್ತಿ ಹಿಡಿದ ಕೂಲಿಕಾರ, ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದ ಹುಡುಗ. ಒಬ್ಬೊಬ್ಬರಿಗೂ ಬೇರೆ ಬಟ್ಟೆ, ಬೇರೆ ಮುಖ. ಅವರೆಲ್ಲ ನೇರವಾಗಿ ನಮ್ಮತ್ತಲೇ ಬರುತ್ತಿದ್ದಾರೆ.

ಹೊಸ ಸರ್ಕಾರ ಚಿತ್ರವನ್ನು 3,000 ಫ್ರಾಂಕಿಗೆ ಕೊಂಡಿತು. ಕೊಂಡ ಮೇಲೆ ಹೆದರಿತು. ಜನರ ಕೈಯಿಂದ ಪಟ್ಟಕ್ಕೇರಿದ ದೊರೆಗೆ ಆ ಜನರ ಚಿತ್ರ ಗೋಡೆಯ ಮೇಲಿರುವುದು ಬೇಡವಾಯಿತು. ಸ್ವಲ್ಪ ಕಾಲದಲ್ಲೇ ಅದನ್ನು ಇಳಿಸಿ ಕಣ್ಮರೆ ಮಾಡಿದರು. ಅದು ಲೂವ್ರ್ ಸಂಗ್ರಹಾಲಯ ಸೇರಿದ್ದು 1874ರಲ್ಲಿ, ದೆಲಕ್ರವಾ ತೀರಿಕೊಂಡು 11 ವರ್ಷವಾದ ಮೇಲೆ.

ಅದೇ 1830ರಲ್ಲಿ ನಮ್ಮ ಮಲೆನಾಡಿನ ನಗರ ಸೀಮೆಯ ರೈತರು ಕಂದಾಯದ ಕಾಟ ತಾಳಲಾರದೆ ಒಟ್ಟಾಗಿದ್ದರು. ಆ ಸೇರುವಿಕೆಗೆ ಅವರು ಕೊಟ್ಟ ಹೆಸರು ‘ಕೂಟ’. ಸರ್ಕಾರ ಅದನ್ನು ದಂಗೆ ಎಂದು ಬರೆಯಿತು. ಅದನ್ನೇ ಕಾರಣವಾಗಿ ತೋರಿಸಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. 1833ರಲ್ಲಿ ಅವರ ವಿಚಾರಣಾ ಸಮಿತಿ ವರದಿ ಕೊಟ್ಟಿತು. ಪ್ಯಾರಿಸ್ಸಿನ ಜನಕ್ಕೆ ಒಬ್ಬ ದೆಲಕ್ರವಾ ಸಿಕ್ಕಿದರು, ನಗರದ ಕೂಟಕ್ಕೆ ಸಿಕ್ಕಿದ್ದು ವರದಿ. ಒಂದೇ ಜನ, ಒಂದೇ ದಿನ, ಒಂದೇ ಬಯಲು. ಒಳಗಿನಿಂದ ಕಂಡರೆ ಕೂಟ, ಹೊರಗಿನಿಂದ ಕಂಡರೆ ದಂಗೆ. ಈ ಎರಡು ಮಾತುಗಳ ನಡುವೆ ಇರುವ ದೂರವೇ ಈ ಲೇಖನದ ವಿಷಯ.

ಕಲ್ಲಚ್ಚಿನ ಮೇಲೆ ಒಂದು ಕೋಣೆ

ದೊಡ್ಡ ಚಿತ್ರವನ್ನು ಇಳಿಸಿ ಬಚ್ಚಿಡಬಹುದು. ಅಚ್ಚಾದ ಹಾಳೆಯನ್ನು ಬಚ್ಚಿಡುವುದು ಕಷ್ಟ. 19ನೆಯ ಶತಮಾನದಲ್ಲಿ ಕಲ್ಲಚ್ಚು ಬಂದ ಮೇಲೆ ಚಿತ್ರ ನೂರಾರು ಪ್ರತಿಗಳಾಗಿ ಅಂಗಡಿಯ ಕಿಟಕಿಗೆ, ಕಾಫಿಮನೆಯ ಮೇಜಿಗೆ ಬಂತು. ನಮ್ಮ ಮೊದಲ ಪತ್ರಿಕೆ, 1843ರ ‘ಮಂಗಳೂರ ಸಮಾಚಾರ’, ಅಚ್ಚಾದದ್ದೂ ಹೀಗೆಯೇ, ನಯವಾಗಿ ಉಜ್ಜಿದ ಕಲ್ಲಿನ ಮೇಲೆ.

ಅದಕ್ಕೂ ಒಂಬತ್ತು ವರ್ಷ ಹಿಂದೆ, 1834ರ ಏಪ್ರಿಲ್ 15ರ ಬೆಳಗಿನ ಜಾವ, ಪ್ಯಾರಿಸ್ಸಿನ ಟ್ರಾನ್ಸ್‌ನೊನೆ ಬೀದಿಯ 12ನೆಯ ನಂಬರಿನ ಮನೆಗೆ ಸೈನಿಕರು ನುಗ್ಗಿದರು. ಆ ಮನೆಯಿಂದ ಯಾರೋ ಗುಂಡು ಹಾರಿಸಿದರೆಂದು ಒಳಗಿದ್ದ 12 ಮಂದಿಯನ್ನು ಕೊಂದರು. 26 ವರ್ಷದ ಓನೊರೆ ದೊಮಿಯೆ ಅದನ್ನು ಕಲ್ಲಚ್ಚಿನಲ್ಲಿ ತೆಗೆದರು. ದೊರೆಯನ್ನು ಹೊಟ್ಟೆಬಾಕನಾಗಿ ಚಿತ್ರಿಸಿದ್ದಕ್ಕೆ ಅವರು ಅದಾಗಲೇ ಜೈಲು ಕಂಡಿದ್ದರು. ಈ ಹಾಳೆಯಲ್ಲಿ ಸೈನಿಕನಿಲ್ಲ, ಬಂದೂಕಿಲ್ಲ, ಬೀದಿಯೂ ಇಲ್ಲ. ಕೆದರಿದ ಹಾಸಿಗೆ, ಅದರ ಬುಡದಲ್ಲಿ ನಿಲುವಂಗಿಯಲ್ಲೇ ಬಿದ್ದ ಒಬ್ಬ ಗಂಡಸು. ಸ್ವಲ್ಪ ಹೊತ್ತು ನೋಡಿದ ಮೇಲೆ ಅವನ ಮೈಯಡಿಯಲ್ಲಿ ಒಂದು ಮಗು ಕಾಣುತ್ತದೆ. ಗುಂಪೆಂದು ಕರೆದು ಗುಂಡಿಟ್ಟವರು ಕೊಂದದ್ದು ಯಾರನ್ನು ಎಂಬ ಪ್ರಶ್ನೆಗೆ ಅದೇ ಉತ್ತರ.

ಚಿತ್ರದಂಗಡಿಯ ಕಿಟಕಿಯಲ್ಲಿ ಹಾಳೆ ತೂಗುಹಾಕಿದಾಗ ನೋಡಲು ಜನ ಕಿಕ್ಕಿರಿದರು. ಪೊಲೀಸರು ಕಲ್ಲನ್ನೂ ಸಿಕ್ಕಿದ ಪ್ರತಿಗಳನ್ನೂ ಎತ್ತಿಕೊಂಡು ಹೋದರು. ಮರುವರ್ಷ ಬಂದ ಕಾನೂನು, ಅಚ್ಚಿಗೆ ಮೊದಲು ಚಿತ್ರಗಳಿಗೆ ಸರ್ಕಾರದ ಅನುಮತಿ ಬೇಕೆಂದಿತು. ಚಿತ್ರಕ್ಕೆ ಓದು ಬರಹ ಬೇಕಿಲ್ಲ ಎಂಬುದು ಆಳುವವರಿಗೆ ಚೆನ್ನಾಗಿ ಗೊತ್ತಿತ್ತು.

1848ರ ಜೂನ್‌ನಲ್ಲಿ ಪ್ಯಾರಿಸ್ಸಿನ ಕೂಲಿಕಾರರು ಮತ್ತೆ ಎದ್ದಾಗ ಚಿತ್ರಕಾರ ಎರ್ನೆಸ್ಟ್ ಮೆಸೊನಿಯೆ ಎದುರು ಬದಿಯಲ್ಲಿದ್ದರು, ಸರ್ಕಾರದ ಕಡೆಯ ನ್ಯಾಷನಲ್ ಗಾರ್ಡ್ ಪಡೆಯಲ್ಲಿ ಅಧಿಕಾರಿಯಾಗಿ. ಕಾಳಗ ಮುಗಿದ ಮೇಲೆ ಕಂಡದ್ದನ್ನು ಒಂದಡಿಗಿಂತ ಚಿಕ್ಕ ಚಿತ್ರದಲ್ಲಿ ಬರೆದರು. ಕುಸಿದ ಅಡ್ಡಗೋಡೆಯ ಕಲ್ಲುಗಳ ನಡುವೆ ಹೆಣಗಳು ಬಿದ್ದಿವೆ. ಯಾವುದು ಕಲ್ಲು, ಯಾವುದು ಮೈ ಎಂದು ತಿಳಿಯಲು ಬಗ್ಗಿ ನೋಡಬೇಕು. ಬಾವುಟವಿಲ್ಲ, ದೇವಿಯಿಲ್ಲ. ಗೆದ್ದವರ ಕಡೆ ನಿಂತವರೊಬ್ಬರು ಸೋತವರ ಹೆಣಗಳ ಮುಂದೆ ಮಾತು ಕಳೆದುಕೊಂಡದ್ದು ಈ ಚಿತ್ರದಲ್ಲಿ ಉಳಿದಿದೆ.

ಮಗ್ಗದ ಮನೆಯಿಂದ

ಇಲ್ಲಿಯವರೆಗೆ ಚಿತ್ರಕಾರರು ಗುಂಪಿನ ಎದುರಿಗಿದ್ದರು, ಇಲ್ಲವೇ ಗುಂಪು ಚದುರಿದ ಮೇಲೆ ಬಂದರು. ಒಳಗೆ ಹೋಗಿ ನಿಂತವರು ಜರ್ಮನಿಯ ಕ್ಯಾಥೆ ಕೊಲ್ವಿಟ್ಸ್.

1844ರ ಜೂನ್‌ನಲ್ಲಿ ಸಿಲೇಸಿಯಾದ ಪೀಟರ್ಸ್‌ವಾಲ್ಡೌ, ಲಾಂಗೆನ್‌ಬಿಯೆಲೌ ಎಂಬ ಊರುಗಳ ನೇಕಾರರು ವ್ಯಾಪಾರಿ ಯಜಮಾನರ ಮೇಲೆ ತಿರುಗಿ ಬಿದ್ದರು. ಯಂತ್ರದ ಬಟ್ಟೆ ಬಂದು ಕೈಮಗ್ಗದ ಬೆಲೆ ಇಳಿದಿತ್ತು, ಯಜಮಾನರು ಕೂಲಿಯನ್ನು ಇನ್ನೂ ಇಳಿಸಿದ್ದರು. ಪ್ರಷ್ಯದ ಸೈನಿಕರು ಗುಂಡು ಹಾರಿಸಿ 11 ಜನರನ್ನು ಕೊಂದರು. ಸುಮಾರು ಅರ್ಧ ಶತಮಾನದ ಬಳಿಕ ಗೆರ್ಹಾರ್ಟ್ ಹಾಪ್ಟ್‌ಮನ್ ಅದನ್ನು ನಾಟಕ ಮಾಡಿದರು. ಬರ್ಲಿನ್ ಪೊಲೀಸರು ಬಹಿರಂಗ ಪ್ರದರ್ಶನ ನಿಷೇಧಿಸಿದ್ದರಿಂದ 1893ರ ಫೆಬ್ರುವರಿಯಲ್ಲಿ ಸದಸ್ಯರಿಗಷ್ಟೇ ಖಾಸಗಿ ಪ್ರಯೋಗ ನಡೆಯಿತು. ನೋಡಲು ಬಂದವರಲ್ಲಿ 25 ವರ್ಷದ ಕೊಲ್ವಿಟ್ಸ್ ಒಬ್ಬರು. ಕೈಯಲ್ಲಿದ್ದ ಬೇರೆ ಕೆಲಸವನ್ನು ಬದಿಗಿಟ್ಟು ಅವರು ಈ ನೇಕಾರರ ಹಿಂದೆ ಹೋದರು. ಗಂಡ ಕಾರ್ಲ್, ಬರ್ಲಿನ್ನಿನ ಕಾರ್ಮಿಕರ ಬಡಾವಣೆಯಲ್ಲಿ ವೈದ್ಯ. ಔಷಧಕ್ಕೆಂದು ಬಂದ ಹೆಂಗಸರು ಕೊಲ್ವಿಟ್ಸ್ ಬಳಿ ಕೂತು ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದರು.

ನಾಲ್ಕು ವರ್ಷದಲ್ಲಿ ಆರು ಹಾಳೆಗಳಾದವು. ಮೂರು ಕಲ್ಲಚ್ಚು, ಮೂರು ತಗಡಿನ ಮೇಲೆ ಕೊರೆದ ಎಚ್ಚಿಂಗ್. ಮೊದಲನೆಯದರಲ್ಲಿ ಗುಂಪೇ ಇಲ್ಲ. ಕತ್ತಲ ಮನೆಯಲ್ಲಿ ಹಾಸಿಗೆ ಹಿಡಿದ ಮಗು, ಅದರ ಮೇಲೆ ತಲೆ ಹಿಡಿದು ಬಗ್ಗಿದ ತಾಯಿ, ಹಿಂದೆ ಮಗ್ಗ. ಎರಡನೆಯದರಲ್ಲಿ ಸಾವು ಮನೆಯೊಳಗೆ ಬಂದಿದೆ. ಮೂರನೆಯದರಲ್ಲಿ ಗಂಡಸರು ಮೇಜಿನ ಸುತ್ತ ತಲೆಗೆ ತಲೆ ಹಚ್ಚಿ ಮಾತಾಡುತ್ತಾರೆ. ನಾಲ್ಕನೆಯದರಲ್ಲಿ ಮೆರವಣಿಗೆ ಹೊರಟಿದೆ, ನಿದ್ದೆಹೋದ ಮಗುವನ್ನು ಬೆನ್ನಿಗೆ ಹೊತ್ತ ಒಬ್ಬಳು ಗಂಡಸರ ಜೊತೆ ನಡೆಯುತ್ತಾಳೆ. ಐದನೆಯದರಲ್ಲಿ ಯಜಮಾನನ ಬಂಗಲೆಯ ಗೇಟು, ನೆಲದ ಕಲ್ಲು ಕಿತ್ತುಕೊಡುವ ಹೆಂಗಸರು. ಆರನೆಯದರಲ್ಲಿ ಮತ್ತೆ ಮಗ್ಗದ ಮನೆ. ಹೆಣಗಳನ್ನು ಒಳಗೆ ತರುತ್ತಿದ್ದಾರೆ.

ಮನೆಯಿಂದ ಹೊರಟದ್ದು ಮನೆಗೇ ಮರಳುತ್ತದೆ. ಇದು ಕೊಲ್ವಿಟ್ಸ್ ಕಂಡುಕೊಂಡ ಸತ್ಯ. ದಂಗೆ ಬೀದಿಯಲ್ಲಿ ಹುಟ್ಟುವುದಿಲ್ಲ. ಅದು ಹುಟ್ಟುವುದು ಒಲೆ ಉರಿಯದ ಅಡುಗೆಮನೆಯಲ್ಲಿ, ಮಗುವಿನ ಹಾಸಿಗೆಯ ಪಕ್ಕದಲ್ಲಿ. ಬೀದಿಗೆ ಬಂದಾಗಷ್ಟೇ ಹೊರಗಿನವರಿಗೆ ಕಾಣುತ್ತದೆ, ಕಂಡವರು ಅಲ್ಲಿಂದಲೇ ಕಥೆ ಶುರುವಾಯಿತೆಂದು ತಿಳಿಯುತ್ತಾರೆ. ಗೇಟಿನ ಮುಂದೆ ಕಲ್ಲು ಕೀಳುವವಳನ್ನು ಮಾತ್ರ ನೋಡಿದರೆ ಅವಳು ದೊಂಬಿಯವಳು. ಮೊದಲ ಹಾಳೆಯಿಂದ ನೋಡುತ್ತ ಬಂದವರಿಗೆ ಅವಳ ಮಗುವಿನ ಗುರುತೂ ಇರುತ್ತದೆ.

1898ರ ಬರ್ಲಿನ್ ಮಹಾ ಕಲಾಪ್ರದರ್ಶನದಲ್ಲಿ ತೀರ್ಪುಗಾರರು ಈ ಮಾಲೆಗೆ ಸಣ್ಣ ಚಿನ್ನದ ಪದಕ ಕೊಡಬೇಕೆಂದರು. ಅವರಲ್ಲಿ ಪ್ರಷ್ಯದ ಅರಸರ ಚಿತ್ರಗಳನ್ನು ಬರೆದು ಹೆಸರಾದ ಹಿರಿಯ ಆಡಾಲ್ಫ್ ಮೆನ್ಜೆಲ್ ಕೂಡ ಇದ್ದರು. ಸಂಸ್ಕೃತಿ ಸಚಿವರಿಗೆ ವಿಷಯವೂ ಹಿಡಿಸಲಿಲ್ಲ, ನೋಡುಗರಿಗೆ ಎಲ್ಲೂ ಸಮಾಧಾನ ಕೊಡದ ಅದರ ರೀತಿಯೂ ಹಿಡಿಸಲಿಲ್ಲ. ಕೈಸರ್ ಎರಡನೆಯ ವಿಲ್ಹೆಲ್ಮ್ ಪದಕಕ್ಕೆ ಒಪ್ಪಿಗೆ ಕೊಡಲಿಲ್ಲ. ಮರುವರ್ಷ ಡ್ರೆಸ್ಡೆನ್ನಿನಲ್ಲಿ ಕೊಲ್ವಿಟ್ಸ್ ಅವರಿಗೆ ಪದಕ ಸಿಕ್ಕಿತು.

ಬೆನ್ನು ತೋರಿದ ಆನ್ನಾ

ಆಮೇಲೆ ಕೊಲ್ವಿಟ್ಸ್ ಡ್ಯೂರರ್ ಕಾಲದ ಅದೇ ರೈತಯುದ್ಧಕ್ಕೆ ಹೋದರು. 1902ರಿಂದ 1908ರವರೆಗೆ ಏಳು ಹಾಳೆಗಳನ್ನು ಮಾಡಿದರು. ಮೊದಲನೆಯದರಲ್ಲಿ ಎತ್ತುಗಳ ಜಾಗದಲ್ಲಿ ಮನುಷ್ಯರು. ಹೆಗಲಿಗೆ ಪಟ್ಟಿ ಬಿಗಿದು, ಮೈ ನೆಲಕ್ಕೆ ತಾಗುವಷ್ಟು ಬಾಗಿ ನೇಗಿಲು ಎಳೆಯುತ್ತಾರೆ. ಎರಡನೆಯದರಲ್ಲಿ ಗಿಡಗಳ ನಡುವೆ ಅತ್ಯಾಚಾರಕ್ಕೊಳಗಾಗಿ ಬಿದ್ದ ಹೆಂಗಸು. ಮೂರನೆಯದರಲ್ಲಿ ಒಬ್ಬಳು ಕಣ್ಣು ಅರೆಮುಚ್ಚಿ ಕುಡುಗೋಲು ಮಸೆಯುತ್ತಾಳೆ.

ಐದನೆಯದು ಎಲ್ಲಕ್ಕಿಂತ ದೊಡ್ಡದು. ಕರಿಯ ಆನ್ನಾ ಎಂದು ಇತಿಹಾಸದಲ್ಲಿ ಹೆಸರು ಬಂದಿರುವ ರೈತ ಹೆಂಗಸು ಎರಡೂ ಕೈ ಮೇಲೆತ್ತಿ, ಬೆರಳು ಸೆಟೆಸಿ, ಜನರನ್ನು ಮುಂದಕ್ಕೆ ಅಟ್ಟುತ್ತಾಳೆ. ಜನ ಬಿರುಗಾಳಿಯಂತೆ ಎಡಕ್ಕೆ ನುಗ್ಗುತ್ತಾರೆ. ಅವಳ ಮುಖ ನಮಗೆ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ. ಗೋಯಾ ಚಿತ್ರದಲ್ಲೂ ಬೆನ್ನು ಕಂಡಿತ್ತು, ಅದು ಕೊಲ್ಲುವವರದು. ಇಲ್ಲಿ ಬೆನ್ನು ಕಾಣುವುದಕ್ಕೆ ಬೇರೆಯೇ ಅರ್ಥವಿದೆ. ನೋಡುವ ನಾವು ಅವಳ ಹಿಂದೆ, ಅವಳ ಪಕ್ಕದವರಾಗಿ ನಿಂತಿದ್ದೇವೆ. ದೆಲಕ್ರವಾ ಚಿತ್ರದಲ್ಲಿ ಜನ ನಮ್ಮತ್ತ ಬಂದರು. ಕೊಲ್ವಿಟ್ಸ್ ಹಾಳೆಯಲ್ಲಿ ನಾವು ಅವರ ಜೊತೆ ಹೋಗಬೇಕು.

ಆರನೆಯ ಹಾಳೆಯ ಮಾತು ಕೊನೆಗೆ ಇರಲಿ.

ಮೆರವಣಿಗೆಯ ಜನ

ದಂಗೆ ಗೆದ್ದಾಗ ಏನಾಗುತ್ತದೆ ಎಂಬುದನ್ನು ರಷ್ಯದ ಕಲೆ ತೋರಿಸಿತು. 1925ರಲ್ಲಿ ಸೆರ್ಗೇ ಐಸೆನ್‌ಸ್ಟೈನ್ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ತೆಗೆದರು. 1905ರ ನೌಕಾ ಬಂಡಾಯದ ಆ ಕಥೆಯಲ್ಲಿ, ಒಡೆಸ್ಸಾ ನಗರದ ಮೆಟ್ಟಿಲುಗಳ ಮೇಲೆ ಸೈನಿಕರು ಜನರನ್ನು ಅಟ್ಟಿಸಿಕೊಂಡು ಬಂದು ಗುಂಡಿಡುತ್ತಾರೆ. ಸೈನಿಕರೆಂದರೆ ಬೂಟು, ಬಂದೂಕು, ನೆರಳು, ಅಷ್ಟೇ. ಜನಕ್ಕೆ ಮುಖವಿದೆ: ಕನ್ನಡಕದ ಹೆಂಗಸು, ಸತ್ತ ಮಗನನ್ನು ಎತ್ತಿಕೊಂಡು ಬಂದೂಕಿನ ಎದುರೇ ಮೆಟ್ಟಿಲು ಹತ್ತುವ ತಾಯಿ. ಗೋಯಾ ಲಾಂದ್ರದ ಬೆಳಕು ಸಿನಿಮಾದ ಪರದೆಗೆ ಬಂದಿತ್ತು.

ಆದರೆ ಆ ಬೆಳಕು ಹೆಚ್ಚು ದಿನ ಉಳಿಯಲಿಲ್ಲ. ಅದಕ್ಕೂ ಮೊದಲೇ, 1920ರಲ್ಲಿ, ಪೆಟ್ರೋಗ್ರಾಡ್‌ನಲ್ಲಿ ಸಾವಿರಾರು ಜನರನ್ನು ಸೇರಿಸಿ, ಕ್ರಾಂತಿಯಲ್ಲಿ ಚಳಿಗಾಲದ ಅರಮನೆಯನ್ನು ವಶಪಡಿಸಿಕೊಂಡ ಘಟನೆಯನ್ನು ನಾಟಕವಾಗಿ ಆಡಿಸಿದ್ದರು. ಅದರ ಫೋಟೋ ಮುಂದೆ 1917ರ ನಿಜ ಘಟನೆಯ ಫೋಟೋ ಎಂಬಂತೆ ಓಡಾಡಿತು. ಸರ್ಕಾರದ ಪೋಸ್ಟರುಗಳಲ್ಲಿ ಜನ ಹೆಚ್ಚಿದರು, ಮುಖಗಳು ಕಡಿಮೆಯಾದವು. ಒಂದೇ ಬಗೆಯ ಎತ್ತಿದ ಕೈ, ಒಂದೇ ಬಗೆಯ ನಗು. ಮಧ್ಯಯುಗದ ಆ ಹಸ್ತಪ್ರತಿಯ ಕವಚಧಾರಿಗಳೇ ಕೆಂಪು ಬಾವುಟ ಹಿಡಿದು ಮರಳಿದಂತಿತ್ತು. ಬೈಯಲಿ, ಹೊಗಳಲಿ, ಅಧಿಕಾರ ಜನರನ್ನು ಮೇಲಿನಿಂದಲೇ ನೋಡುತ್ತದೆ.

ಕಾಗದದ ದಾರಿ

ಕೊಲ್ವಿಟ್ಸ್ ಹಾಳೆಗಳು ಬೇರೆ ದಾರಿ ಹಿಡಿದವು. 1931ರ ಫೆಬ್ರುವರಿಯಲ್ಲಿ ಶಾಂಘೈನಲ್ಲಿ ಯುವ ಲೇಖಕ ರೌ ಶಿ ಮತ್ತು ಅವರ ಸಂಗಾತಿಗಳನ್ನು ಸರ್ಕಾರ ಗುಟ್ಟಾಗಿ ಕೊಂದಿತು. ರೌ ಶಿಗೆ ಕಣ್ಣು ಕಾಣದ ತಾಯಿಯಿದ್ದಳು. ಗೆಳೆಯನ ನೆನಪಿಗೆ ಏನಾದರೂ ಬರೆಯಬೇಕೆಂದರೂ ಬರೆಯಲಾಗದ ಹಿರಿಯ ಲೇಖಕ ಲು ಶುನ್, ಪತ್ರಿಕೆಯೊಂದರಲ್ಲಿ ಕೊಲ್ವಿಟ್ಸ್ ಅವರ ಒಂದು ಮರದಚ್ಚನ್ನು ಪ್ರಕಟಿಸಿದರು: ತಾಯಿಯೊಬ್ಬಳು ಮಗುವನ್ನು ಎರಡೂ ಕೈಯಲ್ಲಿ ಮುಂದಕ್ಕೆ ಒಪ್ಪಿಸುವ ಚಿತ್ರ. ಅದೇ ವರ್ಷ ಆಗಸ್ಟ್‌ನಲ್ಲಿ ಶಾಂಘೈ ಯುವಕರಿಗೆ ಮರದಚ್ಚು ಕಲಿಸುವ ಶಿಬಿರವನ್ನೂ ನಡೆಸಿದರು. ಒಂದು ಹಲಗೆ, ಒಂದು ಉಳಿ, ಸ್ವಲ್ಪ ಮಸಿ ಇದ್ದರೆ ಸಾಕು, ಚಿತ್ರ ನೂರು ಕೈ ಸೇರುತ್ತದೆ. 1936ರಲ್ಲಿ ಕೊಲ್ವಿಟ್ಸ್ ಚಿತ್ರಗಳ ಸಂಪುಟವನ್ನು ಲು ಶುನ್ ಅವರೇ ಮುಂದೆ ನಿಂತು ಹೊರತಂದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಬಂಗಾಳದಲ್ಲಿ 1943ರ ಕ್ಷಾಮ ಲಕ್ಷಾಂತರ ಜನರನ್ನು ಕೊಂದಾಗ ಚಿತ್ತಪ್ರಸಾದ್ ಹಳ್ಳಿಯಿಂದ ಹಳ್ಳಿಗೆ ನಡೆದು ಚಿತ್ರ ತೆಗೆದರು. ಅವರ ‘ಹಂಗ್ರಿ ಬೆಂಗಾಲ್’ ಪುಸ್ತಿಕೆಯ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ನಾಶ ಮಾಡಿತು. ಚಿತ್ತಗಾಂಗ್‌ನ ಸೋಮನಾಥ ಹೋರ್ ಅವರಿಂದಲೇ ಕಲಿತ ಹುಡುಗ. 1946ರ ಡಿಸೆಂಬರ್‌ನಲ್ಲಿ ಉತ್ತರ ಬಂಗಾಳದ ರಂಗಪುರ ಜಿಲ್ಲೆಗೆ ಹೋದರು. ಅಲ್ಲಿ ಪಾಲಿಗೆ ಉಳುವವರು ತೆಭಾಗಾ ಚಳವಳಿ ಹೂಡಿದ್ದರು. ಬೆಳೆಯಲ್ಲಿ ಅರ್ಧವಲ್ಲ, ಮೂರರಲ್ಲಿ ಎರಡು ಪಾಲು ತಮಗೆ, ಕೊಯ್ದ ಭತ್ತ ಜಮೀನ್ದಾರನ ಕಣಕ್ಕಲ್ಲ, ತಮ್ಮ ಕಣಕ್ಕೆ ಎಂಬುದು ಬೇಡಿಕೆ. ಹೋರ್ ಆ ರೈತರ ಮನೆಗಳಲ್ಲೇ ಉಳಿದು, ಅವರ ಸಭೆಗಳಲ್ಲಿ ಕೂತು, ದಿನಚರಿ ಬರೆಯುತ್ತ, ಕಂಡವರ ಚಿತ್ರ ತೆಗೆದರು. ಆಮೇಲೆ ಅವನ್ನು ಮರದಲ್ಲಿ ಕೊರೆದರು. ಕೊಲ್ವಿಟ್ಸ್ ಗೆರೆಯ ನೆನಪು ಆ ಹಾಳೆಗಳಲ್ಲಿ ಸ್ಪಷ್ಟವಾಗಿದೆ. ಜರ್ಮನಿಯ ನೇಕಾರರು ಹೀಗೆ, ಕಾಗದದ ಮೇಲೆ ನಡೆದು, ರಂಗಪುರದ ರೈತರ ಪಕ್ಕಕ್ಕೆ ಬಂದು ಕೂತರು.

ಆರನೆಯ ಹಾಳೆ

ರೈತಯುದ್ಧದ ಆರನೆಯ ಹಾಳೆ ಕಪ್ಪೋ ಕಪ್ಪು. ಕಾಳಗ ಮುಗಿದ ರಾತ್ರಿ. ಬಯಲ ತುಂಬ ಹೆಣಗಳು, ಒಂದೂ ಸರಿಯಾಗಿ ಕಾಣುವುದಿಲ್ಲ. ಒಬ್ಬ ಮುದುಕಿ ಸೊಂಟ ಬಗ್ಗಿಸಿ, ಒಂದು ಕೈಯಲ್ಲಿ ಲಾಂದ್ರ ಹಿಡಿದು, ಮಗನನ್ನು ಹುಡುಕುತ್ತಿದ್ದಾಳೆ. ಇನ್ನೊಂದು ಕೈ ಒಂದು ಹೆಣದ ಗಲ್ಲವನ್ನು ಮುಟ್ಟಿದೆ. ಲಾಂದ್ರದ ಬೆಳಕು ಬಿದ್ದಿರುವುದು ಎರಡೇ ಕಡೆ: ಕೆಲಸ ಮಾಡಿ ಗಂಟುಗಟ್ಟಿದ ಆ ಕೈಯ ಮೇಲೆ, ಸತ್ತವನ ಮುಖದ ಮೇಲೆ.

1907ರಲ್ಲಿ ಇದನ್ನು ಕೊರೆದ ಕೊಲ್ವಿಟ್ಸ್ ಅವರಿಗೆ ಮುಂದೇನು ಕಾದಿದೆಯೆಂದು ಗೊತ್ತಿರಲಿಲ್ಲ. 1914ರ ಅಕ್ಟೋಬರ್‌ನಲ್ಲಿ, ಮೊದಲ ಮಹಾಯುದ್ಧ ಶುರುವಾಗಿ ಮೂರೇ ತಿಂಗಳಿಗೆ, ಅವರ ಕಿರಿಯ ಮಗ ಪೀಟರ್ 18ನೆಯ ವಯಸ್ಸಿನಲ್ಲಿ ಬೆಲ್ಜಿಯಂನಲ್ಲಿ ಸತ್ತ. ಮಗನಿಗಾಗಿ ತಂದೆತಾಯಿಯರ ಎರಡು ಕಲ್ಲಿನ ಮೂರ್ತಿ ಮಾಡಿ ಬೆಲ್ಜಿಯಂನ ಸ್ಮಶಾನದಲ್ಲಿ ನಿಲ್ಲಿಸುವಷ್ಟರಲ್ಲಿ 1932 ಬಂದಿತ್ತು.

ಗೋಯಾ ಚಿತ್ರದ ಲಾಂದ್ರ ಕೊಲ್ಲುವವರದು, ನೆಲದ ಮೇಲೆ ಕೂತದ್ದು. ಈ ಲಾಂದ್ರ ಹೆತ್ತವಳ ಕೈಯಲ್ಲಿದೆ, ಬಗ್ಗಿ ಬಗ್ಗಿ ಒಂದೊಂದೇ ಹೆಣದ ಬಳಿ ಹೋಗುತ್ತದೆ. ಬಯಲಲ್ಲಿ ಎಷ್ಟು ಸಾವಿರ ಜನ ಬಿದ್ದಿದ್ದಾರೆಂಬ ಲೆಕ್ಕ ಅವಳಿಗೆ ಬೇಕಿಲ್ಲ. ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಇವನೋ ಅಲ್ಲವೋ ಎಂದು ನೋಡುತ್ತಾಳೆ.